‘ಡು ಯು ಮೈಂಡ್’ ಎಂದು ಕೇಳಿದರೆ ಹೌದು ಎನ್ನಬೇಕೋ, ಇಲ್ಲ ಎನ್ನಬೇಕೋ?

ಬದಲಾಪುರ ಫಾಸ್ಟ್

ಮುಂಬೈಗೆ ಬಂದು ಹದಿನಾಲ್ಕು ತಿಂಗಳಾಯಿತು. ಊರು ಗದಗ. ದಿನವೂ ಬದಲಾಪುರದಿಂದ ದಾದರ್, ಅಲ್ಲಿ ಸೇತುವೆ ದಾಟಿ ಪಶ್ಚಿಮ ಮಾರ್ಗದ ಗಾಡಿ ಹಿಡಿದು ಲೋವರ್ ಪರೇಲ್. ಬಿ.ಎ.ಯಲ್ಲಿ ಇಂಗ್ಲಿಷಿಗೆ ಎಪ್ಪತ್ತೆರಡು ಅಂಕ ಬಂದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದರೆ ಯಾರೂ ನಂಬುವುದಿಲ್ಲ.

ಕಳೆದ ವಾರ ಲಂಡನ್ ಕಚೇರಿಯಿಂದ ಒಬ್ಬ ಮಹಿಳೆ ಬಂದಿದ್ದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನೊಬ್ಬನೇ ಕುಳಿತಿದ್ದ ಮೇಜಿನ ಬಳಿ ತಟ್ಟೆ ಹಿಡಿದು ನಿಂತು ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದರು. ನಾನು ಹಲ್ಲೆಲ್ಲ ತೋರಿಸುತ್ತ ‘ಯೆಸ್, ಯೆಸ್!’ ಎಂದೆ. ಅವರ ಮುಖ ಒಂದು ಕ್ಷಣ ಬಾಡಿತು. ‘ಓ, ಸಾರಿ’ ಎಂದು ಹೇಳಿ ಆಚೆ ಮೇಜಿಗೆ ಹೋಗಿ ಕುಳಿತರು. ನಾನು ಅಂಗಿಯ ಕಂಕುಳನ್ನು ಮೂಸಿ ನೋಡಿಕೊಂಡೆ. ಆಮೇಲೆ ಕೇರಳದ ಸಹೋದ್ಯೋಗಿಯೊಬ್ಬ ಹೊಟ್ಟೆ ಹಿಡಿದು ನಕ್ಕು ವಿಷಯ ಬಿಡಿಸಿ ಹೇಳಿದ.

ನನ್ನ ಪ್ರಶ್ನೆ ಇಷ್ಟು. ವ್ಯಾಕರಣ ಬರುತ್ತದೆ, ಶಬ್ದಗಳೂ ಗೊತ್ತು. ಆದರೂ ಎರಡು ಸಾಲಿನ ಮಾತುಕತೆಯಲ್ಲಿ ಮುಗ್ಗರಿಸುತ್ತೇನೆ. ನಿಮಗೂ ಹೀಗಾಗಿದೆಯೇ? ಎಲ್ಲಿ, ಯಾವ ಮಾತಿನಲ್ಲಿ? ದಯವಿಟ್ಟು ಪುಸ್ತಕ ಸೂಚಿಸಬೇಡಿ. ದಾದರಿನ ಪಾದಚಾರಿ ಮಾರ್ಗದಲ್ಲಿ ಒಂದನ್ನು ಕೊಂಡಿದ್ದೇನೆ. ಹಡಗು ಇಳಿದ ಮೇಲೆ ಕೂಲಿಯನ್ನು ಕರೆಯುವುದು ಹೇಗೆ ಎಂದು ಅದರಲ್ಲಿ ಎರಡು ಪುಟವಿದೆ.

ಫೋರ್ತ್ ಸೀಟ್

ಅದಕ್ಕೇ ನಮ್ಮ ಲೋಕಲ್ ಗಾಡಿ ಶ್ರೇಷ್ಠ. ಮೂವರ ಬೆಂಚಿನಲ್ಲಿ ನಾಲ್ಕನೆಯವನು ಕೂರಬೇಕಾದರೆ ಯಾರನ್ನೂ ಏನೂ ಕೇಳುವುದಿಲ್ಲ. ಕೈಯನ್ನು ಹೀಗೆ ಅಂದರೆ ಮೂವರೂ ಸರಿಯುತ್ತಾರೆ. ಅರ್ಧ ಸೊಂಟಕ್ಕಾದರೂ ಜಾಗ ಸಿಗುತ್ತದೆ.

ವಡಾಲದ ಮೇಷ್ಟರು

ಬದಲಾಪುರದವರೇ, ನಿಮ್ಮ ಎಪ್ಪತ್ತೆರಡು ಅಂಕವನ್ನು ನಾನು ನಂಬುತ್ತೇನೆ. ನೀವು ಉತ್ತರ ಕೊಟ್ಟದ್ದು ಆಕೆಯ ಮಾತಿಗಲ್ಲ, ಆಕೆಯ ಕೈಯಲ್ಲಿದ್ದ ತಟ್ಟೆಗೆ. ತಟ್ಟೆ ‘ಕುಳಿತುಕೊಳ್ಳಲೇ?’ ಎಂದು ಕೇಳಿತು, ನೀವು ಹೌದು ಎಂದಿರಿ. ಬಾಯಿ ಕೇಳಿದ್ದು ‘ನಿಮಗೆ ತೊಂದರೆಯೇ?’ ಎಂದು. ಕನ್ನಡದಲ್ಲಿ ಯಾರಾದರೂ ‘ತೊಂದರೆಯಾಗುತ್ತದೆಯೇ?’ ಎಂದು ಕೇಳಿದ್ದರೆ ನೀವು ತಪ್ಪುತ್ತಿರಲಿಲ್ಲ. ‘ಇಲ್ಲ ಇಲ್ಲ, ಬನ್ನಿ’ ಎಂದೇ ಹೇಳುತ್ತಿದ್ದಿರಿ. ‘ಮೈಂಡ್’ ಎಂಬ ಶಬ್ದ ನಮಗೆ ಶಾಲೆಯಲ್ಲಿ ‘ಮನಸ್ಸು’ ಎಂದು ಪರಿಚಯವಾಗಿರುತ್ತದೆ. ಅದು ಕ್ರಿಯಾಪದವಾಗಿ ಬಂದಾಗ ನಾವು ಗುರುತು ಹಿಡಿಯುವುದಿಲ್ಲ. ದಿನವೂ ಲೋಕಲ್ ಗಾಡಿಯಲ್ಲಿ ‘ಮೈಂಡ್ ದ ಗ್ಯಾಪ್’ ಎಂದು ಕೇಳುತ್ತೀರಲ್ಲ, ಅಲ್ಲಿ ಅದು ‘ಜೋಪಾನ’. ‘ನೆವರ್ ಮೈಂಡ್’ ಎಂದರೆ ‘ಹೋಗಲಿ ಬಿಡಿ’. ನಿಮ್ಮ ಕ್ಯಾಂಟೀನಿನಲ್ಲಿ ಅದು ‘ಅಭ್ಯಂತರ’.

ಇನ್ನೊಂದು ಗುಟ್ಟು. ಇಂಗ್ಲಿಷರೇ ಈ ಪ್ರಶ್ನೆಗೆ ಎಷ್ಟೋ ಸಲ ‘ಶ್ಯೂರ್, ಗೋ ಅಹೆಡ್’ ಎನ್ನುತ್ತಾರೆ. ತರ್ಕದ ಪ್ರಕಾರ ಅದೂ ತಪ್ಪೇ. ಆದರೆ ಹಿಂದೆ ಅಂಟಿಸಿದ ಬಾಲ ಅರ್ಥವನ್ನು ಕಾಪಾಡುತ್ತದೆ. ಬರಿಯ ಹೌದು, ಬರಿಯ ಇಲ್ಲ ಎಂಬಲ್ಲಿಗೆ ನಿಲ್ಲಬೇಡಿ. ಬಾಲ ಸೇರಿಸಿ, ಇಲ್ಲವೇ ಕುರ್ಚಿ ಎಳೆಯಿರಿ.

ಮುಂಬೈಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ನಾನು ಬಹಳ ವರ್ಷ ಇಂಗ್ಲಿಷ್ ಕಲಿಸಿದೆ. ವಿದ್ಯಾರ್ಥಿಗಳೆಲ್ಲ ಹಗಲು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ ಬರುತ್ತಿದ್ದ ಹುಡುಗರು. ಕುಂದಾಪುರ, ಕಾರ್ಕಳ, ಕಾಪು ಕಡೆಯವರು. ಎಂಟು ಗಂಟೆಯ ಪಾಠಕ್ಕೆ ಅವರ ಬೆರಳುಗಳು ಸೋಡಾ ಪುಡಿಯಿಂದ ಸುಕ್ಕಾಗಿರುತ್ತಿದ್ದವು. ಒಬ್ಬ ಹುಡುಗನಿಗೆ ಮಾಲೀಕ ಪೂರೈಕೆಯ ಕೆಲಸಕ್ಕೆ ಬಡ್ತಿ ಕೊಟ್ಟ ಮೊದಲ ದಿನ ಪಾರ್ಸಿ ಗಿರಾಕಿಯೊಬ್ಬರು ‘ಯು ಡೋಂಟ್ ಹ್ಯಾವ್ ದೋಸಾ ಟುಡೇ?’ ಎಂದು ಕೇಳಿದರಂತೆ. ಕಲ್ಲು ಕೆಟ್ಟಿತ್ತು, ದೋಸೆ ಇರಲಿಲ್ಲ. ಹುಡುಗ ವಿನಯದಿಂದ ‘ಯೆಸ್ ಸರ್’ ಎಂದ. ಗಿರಾಕಿ ಅರ್ಧ ಗಂಟೆ ಕಾದರು.

ತಪ್ಪು ಯಾರದು? ಕನ್ನಡದಲ್ಲಿ ಅವನ ಉತ್ತರ ಸರಿ. ‘ದೋಸೆ ಇಲ್ಲವೇ?’ ‘ಹೌದು, ಇಲ್ಲ.’ ನಾವು ಕೇಳಿದವರ ಮಾತನ್ನು ಒಪ್ಪುತ್ತೇವೆ. ಮರಾಠಿಯಲ್ಲಿಯೂ ಇದೇ ಕ್ರಮ. ಇಂಗ್ಲಿಷಿನವನಿಗೆ ಕೇಳಿದವರ ಅನಿಸಿಕೆ ಮುಖ್ಯವಲ್ಲ. ದೋಸೆ ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ನಮ್ಮದು ಮನುಷ್ಯನಿಗೆ ಕೊಡುವ ಉತ್ತರ, ಅವರದು ದೋಸೆಗೆ ಕೊಡುವ ಉತ್ತರ. ಆ ಹುಡುಗನಿಗೆ ನಾನು ಹೇಳಿಕೊಟ್ಟದ್ದು ಒಂದೇ: ಹೌದು, ಇಲ್ಲ ಎರಡನ್ನೂ ಬಿಟ್ಟು ‘ದೋಸಾ ಫಿನಿಶ್ಡ್ ಸರ್’ ಎನ್ನು. ಅವನಿಗೆ ಈಗ ಚೆಂಬೂರಿನಲ್ಲಿ ಸ್ವಂತ ಹೋಟೆಲ್ ಇದೆ.

ಠಾಣೆ ಮಲ್ಲಿಗೆ

ನನ್ನದನ್ನು ಹೇಳಲು ನಾಚಿಕೆ, ಆದರೆ ಹೇಳುತ್ತೇನೆ. ಮಗನ ಶಾಲೆಯಲ್ಲಿ ಪಾಲಕರ ಸಭೆ. ತರಗತಿ ಶಿಕ್ಷಕಿ ನಗುತ್ತ ‘ಯುವರ್ ಸನ್ ಈಸ್ ಎ ಹ್ಯಾಂಡ್‌ಫುಲ್’ ಎಂದರು. ನಮ್ಮಲ್ಲಿ ಕೈತುಂಬ ಸಂಬಳ, ಕೈತುಂಬ ಬಳೆ, ಕೈತುಂಬ ಕೆಲಸ ಎಲ್ಲವೂ ಒಳ್ಳೆಯದೇ ತಾನೇ? ನಾನು ‘ಥ್ಯಾಂಕ್ ಯು ಮೇಡಂ, ಮನೆಯಲ್ಲಿಯೂ ಹಾಗೆಯೇ’ ಎಂದೆ. ಅವರು ಮುಂದೆ ಮಾತನಾಡಲಿಲ್ಲ. ಮನೆಗೆ ಬಂದು ಪೇಡೆ ಹಂಚಿದೆ. ಸಂಜೆ ಯಜಮಾನರು ಬಂದು, ಅದರ ಅರ್ಥ ‘ಹಿಡಿತಕ್ಕೆ ಸಿಗದ ತುಂಟ’ ಎಂದು ಹೇಳುವಷ್ಟರಲ್ಲಿ ಎರಡು ಮನೆಗೆ ಪೇಡೆ ತಲುಪಿಯಾಗಿತ್ತು.

ಹಿಂಜವಡಿಯ ಹುಬ್ಬಳ್ಳಿಗ

ಪೇಡೆಯ ವಿಷಯದಲ್ಲಿ ನಾವೂ ನಿಮ್ಮ ಜೊತೆಗಿದ್ದೇವೆ ತಾಯಿ. ಪುಣೆಯ ನಮ್ಮ ತಂಡ ಬ್ರಿಟನ್ನಿನ ಗ್ರಾಹಕರಿಗೆ ಮೂರು ತಿಂಗಳು ಕುಳಿತು ಒಂದು ಯೋಜನೆ ಮಾಡಿ ತೋರಿಸಿತು. ಆ ಕಡೆಯ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ‘ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಅಪ್ರೋಚ್’ ಎಂದರು. ಕರೆ ಮುಗಿದ ಕೂಡಲೇ ನಾವು ಎಂಟು ಜನ ಮಿಸಳ್ ತಿನ್ನಲು ಓಡಿದೆವು. ಮುಂದಿನ ವಾರ ಅಂಚೆ ಬಂತು: ಯೋಜನೆ ಬೇಡ. ‘ಇಂಟರೆಸ್ಟಿಂಗ್’ ಎಂಬುದು ಆ ಬಾಯಿಯಲ್ಲಿ ‘ನೋಡೋಣ’ ಎಂಬುದರ ತಂಗಿ ಎಂದು ಆಮೇಲೆ ತಿಳಿಯಿತು. ಹೆಣ್ಣು ನೋಡಿ ಹೊರಟವರು ಹೊಸಿಲಲ್ಲಿ ‘ಊರಿಗೆ ಹೋಗಿ ತಿಳಿಸುತ್ತೇವೆ’ ಎನ್ನುತ್ತಾರಲ್ಲ, ಹಾಗೆ.

ಇನ್ನೂ ಒಂದು ಸಂಕಟ ಕೇಳಿ. ಅದೇ ಶಬ್ದವನ್ನು ಅಮೆರಿಕದವನು ಹೇಳಿದರೆ ನಿಜವಾಗಿಯೂ ಆಸಕ್ತಿ ಇರಬಹುದು. ‘ಕ್ವೈಟ್ ಗುಡ್’ ಎಂದು ಅಮೆರಿಕದವನು ಹೇಳಿದರೆ ಬಹಳ ಚೆನ್ನಾಗಿದೆ ಎಂದು ಹಿಗ್ಗಬಹುದು, ಬ್ರಿಟಿಷನು ಹೇಳಿದರೆ ‘ಪರವಾಗಿಲ್ಲ, ಇರಲಿ’. ಅವನು ನಿಜವಾಗಿಯೂ ಮೆಚ್ಚಿದರೆ ‘ನಾಟ್ ಬ್ಯಾಡ್’ ಎನ್ನುತ್ತಾನೆ! ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ತರೋಣ ಎಂದು, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದು. ಎರಡೂ ದೇಶದವರು ಇದ್ದ ಕರೆಯಲ್ಲಿ ಒಬ್ಬರು ಕಡತ ತೆರೆದರು, ಇನ್ನೊಬ್ಬರು ಮುಚ್ಚಿದರು. ನಾವು ಪುಣೆಯವರು ಸುಮ್ಮನೆ ಚಹಾ ಕುಡಿದೆವು.

ಆಟದ ಮಾತುಗಳದ್ದು ಬೇರೆಯೇ ಪುರಾಣ. ಬ್ರಿಟಿಷರು ‘ಆನ್ ದ ಬ್ಯಾಕ್ ಫುಟ್’, ‘ಸ್ಟಿಕಿ ವಿಕೆಟ್’ ಎಂದರೆ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕ್ರಿಕೆಟ್ ನೋಡಿ ಬೆಳೆದವರು. ಅಮೆರಿಕದವರದ್ದೆಲ್ಲ ಬೇಸ್‌ಬಾಲ್. ‘ಬಾಲ್‌ಪಾರ್ಕ್ ಫಿಗರ್’ ಎಂದರೆ ಮೈದಾನದ ಚಿತ್ರವಲ್ಲ, ಬರಿಯ ಅಂದಾಜು ಲೆಕ್ಕ. ಒಮ್ಮೆ ಅಮೆರಿಕದ ಅತಿಥಿಯನ್ನು ಮನೆಗೆ ಜೋಳದ ರೊಟ್ಟಿ ಊಟಕ್ಕೆ ಕರೆದೆ. ‘ಕ್ಯಾನ್ ಐ ಟೇಕ್ ಎ ರೈನ್ ಚೆಕ್?’ ಎಂದ. ಜೂನ್ ತಿಂಗಳು, ಕಿಟಕಿಯ ಹೊರಗೆ ಮೋಡ. ‘ಮಳೆ ಬಂದರೂ ಚಿಂತೆಯಿಲ್ಲ, ಕಾರು ಕಳುಹಿಸುತ್ತೇನೆ’ ಎಂದೆ. ಅವನು ಗಾಬರಿಯಾದ. ವಿಷಯ ಏನೆಂದರೆ, ಹಿಂದೆ ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತರೆ ಪ್ರೇಕ್ಷಕರಿಗೆ ಇನ್ನೊಂದು ದಿನ ಬರಲು ಒಂದು ಚೀಟಿ ಕೊಡುತ್ತಿದ್ದರು. ಅದೇ ರೈನ್ ಚೆಕ್. ‘ಇವತ್ತು ಬೇಡ, ಇನ್ನೊಮ್ಮೆ ಬರುತ್ತೇನೆ’ ಎಂದು ನಯವಾಗಿ ಜಾರಿಕೊಳ್ಳುವ ದಾರಿ. ಆ ಇನ್ನೊಮ್ಮೆ ಬರದೆಯೂ ಇರಬಹುದು.

ಇಷ್ಟೆಲ್ಲ ಆದ ಮೇಲೆ ಪುಣೆಯ ಪೇಟೆಯೊಳಗೆ ನಡೆದು ಬಂದರೆ ಸಮಾಧಾನ. ಇಲ್ಲಿಯ ಹಳೆಯ ವಾಡೆಗಳ ಬಾಗಿಲಲ್ಲಿ ನೇತು ಹಾಕಿದ ಫಲಕಗಳನ್ನು ನೋಡಿದ್ದೀರಲ್ಲ? ಒಂದರಿಂದ ನಾಲ್ಕರವರೆಗೆ ಕರೆಗಂಟೆ ಒತ್ತಬೇಡಿ, ನಾವು ಮಲಗಿರುತ್ತೇವೆ. ಮುಗಿಯಿತು. ಇಂಟರೆಸ್ಟಿಂಗ್ ಎಂದೆಲ್ಲ ಸುತ್ತಿ ಬಳಸುವುದೇ ಇಲ್ಲ.

ಮ್ಹಾಪಸಾ ಟ್ಯಾಕ್ಸಿ

ನಾನು ಬಾಗಲಕೋಟೆಯವನು, ಗೋವಾದಲ್ಲಿ ಹನ್ನೊಂದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಕಲಿತದ್ದು ಏಳನೆಯ ತರಗತಿ, ಇಂಗ್ಲಿಷ್ ಕಲಿತದ್ದು ಕಲಂಗುಟ್, ಬಾಗಾ ಕಡೆಯ ಪ್ರವಾಸಿಗರಿಂದ. ಆದ್ದರಿಂದ ಮೇಷ್ಟರಂತೆ ನಿಯಮ ಹೇಳಲು ಬರುವುದಿಲ್ಲ, ಪೆಟ್ಟು ತಿಂದದ್ದನ್ನು ಹೇಳಬಲ್ಲೆ.

ಮೊದಲ ವರ್ಷ ಒಬ್ಬ ಬ್ರಿಟಿಷ್ ಗಂಡಸು ಬೆಳಿಗ್ಗೆ ಕಾರು ಹತ್ತುತ್ತಲೇ ‘ಯು ಆಲ್‌ರೈಟ್?’ ಎಂದ. ನನ್ನ ಮುಖ ನೋಡಿ ಜ್ವರ ಎಂದುಕೊಂಡನೇನೋ ಎಂದು ನಾನು ರಾತ್ರಿಯ ನಿದ್ದೆ, ಮೊಣಕಾಲಿನ ನೋವು, ಊರಲ್ಲಿ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲ ಹೇಳಿದೆ. ಪಾಪ, ಅಂಜುನಾ ತಲುಪುವ ತನಕ ಕೇಳಿದ. ಅದು ಬರಿಯ ನಮಸ್ಕಾರ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ನಾವು ದಾರಿಯಲ್ಲಿ ಸಿಕ್ಕವರಿಗೆ ‘ಊಟ ಆಯಿತೇ?’ ಎನ್ನುತ್ತೇವೆ, ಯಾರೂ ಏನು ಪಲ್ಯ ಎಂದು ವರದಿ ಕೊಡುವುದಿಲ್ಲ. ಅದೇ ಲೆಕ್ಕ. ‘ಆಲ್‌ರೈಟ್, ಯು?’ ಎಂದರೆ ಸಾಕು.

‘ಚಿಯರ್ಸ್’ ಎಂದರೆ ಕುಡಿಯಲು ಕರೆಯುತ್ತಿದ್ದಾರೆ ಎಂದುಕೊಂಡಿದ್ದೆ. ಚಿಲ್ಲರೆ ಕೊಟ್ಟರೂ ಚಿಯರ್ಸ್, ಬಾಗಿಲು ತೆರೆದರೂ ಚಿಯರ್ಸ್. ಅದು ಅವರ ಥ್ಯಾಂಕ್ ಯು. ಉತ್ತರ ಇಂಗ್ಲೆಂಡಿನ ಒಂದು ಕುಟುಂಬ ‘ವಿ ವಿಲ್ ಹ್ಯಾವ್ ಅವರ್ ಟೀ ಅಂಡ್ ಕಮ್’ ಎಂದು ಹೋಟೆಲಿನೊಳಗೆ ಹೋಯಿತು. ಚಹಾಕ್ಕೆ ಹತ್ತು ನಿಮಿಷ ಸಾಕು ಎಂದು ಎಂಜಿನ್ ಕೂಡ ಆರಿಸಲಿಲ್ಲ. ಎರಡು ಗಂಟೆಯ ಮೇಲೆ ಮೀನು, ಅನ್ನ, ಐಸ್‌ಕ್ರೀಂ ಎಲ್ಲ ಮುಗಿಸಿ ಬಂದರು. ಆ ಕಡೆಯವರಿಗೆ ಸಂಜೆಯ ಊಟದ ಹೆಸರೇ ‘ಟೀ’.

ಎಲ್ಲಕ್ಕಿಂತ ದುಬಾರಿಯಾದದ್ದು ‘ಹಾಫ್ ಫೈವ್’. ಅದಕ್ಕೂ ಮೊದಲು ನನಗೆ ಜರ್ಮನ್ ಗಿರಾಕಿಗಳು ಇದ್ದರು. ಅವರ ಭಾಷೆಯಲ್ಲಿ ಅರ್ಧ ಐದು ಎಂದರೆ ಐದಕ್ಕೆ ಅರ್ಧ ಗಂಟೆ ಬಾಕಿ, ಅಂದರೆ ನಾಲ್ಕೂವರೆ. ನಾನೂ ಹಾಗೆಯೇ ಕಲಿತೆ. ಆಮೇಲೆ ಬ್ರಿಟಿಷ್ ದಂಪತಿ ಬೆಳಗಿನ ಹಾಫ್ ಫೈವ್‌ಗೆ ದಾಬೋಳಿ ವಿಮಾನ ನಿಲ್ದಾಣಕ್ಕೆ ಹೋಗಬೇಕೆಂದರು. ನಾಲ್ಕೂವರೆಗೆ ಹೋಗಿ ಬಾಗಿಲು ತಟ್ಟಿದೆ. ಆ ಮನುಷ್ಯ ಒಳಉಡುಪಿನಲ್ಲಿ ಬಂದು ಆಡಿದ ಮಾತುಗಳು ಯಾವ ಪುಸ್ತಕದಲ್ಲಿಯೂ ಇರಲಿಕ್ಕಿಲ್ಲ. ಬ್ರಿಟಿಷರ ಹಾಫ್ ಫೈವ್ ನಮ್ಮ ಐದೂವರೆ. ಅದು ಅದೃಷ್ಟ ಎನ್ನಿ. ಉಲ್ಟಾ ಆಗಿದ್ದರೆ ಯಾರದೋ ವಿಮಾನ ತಪ್ಪುತ್ತಿತ್ತು. ಈಗ ಮೊಬೈಲಿನಲ್ಲಿ ಅಂಕಿ ಒತ್ತಿ ತೋರಿಸಿ, ತಲೆಯಾಡಿಸಿದ ಮೇಲೆಯೇ ಹೊರಡುತ್ತೇನೆ.

ಇಲ್ಲಿಯವರು ಕೊಂಕಣಿಯಲ್ಲಿ ಉಪಕಾರ ಸ್ಮರಿಸುವುದು ‘ದೇವ್ ಬರೆಂ ಕರೂಂ’ ಎಂದು. ದೇವರು ಒಳ್ಳೆಯದು ಮಾಡಲಿ. ನನಗೆ ಆ ಮಾತು ಬಹಳ ಇಷ್ಟ.

ವಡಾಲದ ಮೇಷ್ಟರು

ಮ್ಹಾಪಸಾದವರೇ, ನಿಮ್ಮ ಗಿರಾಕಿಗಳು ಇಳಿಯುವಾಗ ‘ಗುಡ್‌ಬೈ’ ಎನ್ನುತ್ತಾರಲ್ಲ, ಅದೂ ದೇವರ ಮಾತೇ. ‘ಗಾಡ್ ಬಿ ವಿತ್ ಯೆ’ ಎಂಬುದು ಸವೆದು ಸವೆದು ಹಾಗಾಯಿತು. ದೇವರು ನಿಮ್ಮ ಜೊತೆಗಿರಲಿ ಎಂದು. ಇಂದು ಹೇಳುವವರಿಗೂ ಕೇಳುವವರಿಗೂ ಅದು ಗೊತ್ತಿಲ್ಲ.

ವಿದಾಯ ಎಂದಾಗ ನೆನಪಾಯಿತು. ನಮ್ಮ ಹುಡುಗರು ಪಾಠ ಮುಗಿದು ಹೊರಡುವಾಗ ‘ಐ ಆ್ಯಮ್ ಕಮಿಂಗ್ ಸರ್’ ಎಂದು ಹೇಳಿ ಹೊರಟೇಬಿಡುತ್ತಿದ್ದರು. ‘ಹೋಗುತ್ತೇನೆ’ ಎನ್ನುವುದು ಅಶುಭವಲ್ಲವೇ? ಕನ್ನಡದಲ್ಲಿ ‘ಬರುತ್ತೇನೆ’, ಮರಾಠಿಯಲ್ಲಿ ‘ಯೇತೋ’. ಶಾಲಾ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಬರುತ್ತೇನೆ ಎಂದು ಹೇಳಿದ ಮೂವತ್ತು ಹುಡುಗರೂ ಹೊರಗೆ ಹೋದದ್ದನ್ನು ನೋಡಿ ನನ್ನ ಮುಖ ನೋಡಿದರು.

ಫೋರ್ತ್ ಸೀಟ್

ಎಲ್ಲರೂ ತಮಾಷೆ ಮಾಡುತ್ತಿದ್ದೀರಿ, ನನಗೆ ಸ್ವಲ್ಪ ಸಿಟ್ಟು ಬರುತ್ತಿದೆ. ಅವರಿಗೆ ನಮ್ಮ ಮಾತು ತಿಳಿಯದಿದ್ದರೆ ನಾಚಿಕೆ ನಮಗೇಕೆ? ‘ಪ್ರೀಪೋನ್’ (ಮುಂಚಿತವಾಗಿಸು), ‘ಔಟ್ ಆಫ್ ಸ್ಟೇಷನ್’ (ಊರಲ್ಲಿಲ್ಲ), ‘ಡು ದ ನೀಡ್‌ಫುಲ್’ (ಆಗಬೇಕಾದದ್ದನ್ನು ಮಾಡಿ) ಇವನ್ನು ಹೇಳಿದರೆ ನಗುತ್ತಾರೆ. ಕೋಟಿಗಟ್ಟಲೆ ಜನ ಆಡುವ ಇಂಗ್ಲಿಷ್ ತಪ್ಪು ಹೇಗಾಗುತ್ತದೆ?

ವಡಾಲದ ಮೇಷ್ಟರು

ಸಿಟ್ಟು ನ್ಯಾಯವೇ. ‘ಪ್ರೀಪೋನ್’ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿದೆ. ‘ಡು ದ ನೀಡ್‌ಫುಲ್’ ನಮ್ಮದಲ್ಲ, ಬ್ರಿಟಿಷ್ ಕಚೇರಿಗಳ ಹಳೆಯ ಮಾತು. ಅವರು ಮರೆತರು, ನಾವು ಅಟ್ಟದಲ್ಲಿ ಜೋಪಾನ ಮಾಡಿದೆವು. ಇನ್ನು ಕೊಡುವುದು ಕೊಳ್ಳುವುದು ಎಂದರೆ ಮುಂಬೈಯೇ ಅವರಿಗೆ ಬಟ್ಟೆ ತೊಡಿಸಿದೆ. ‘ಡಂಗರೀಸ್’ ಎಂಬ ಒರಟು ಉಡುಪಿನ ಹೆಸರು ಬಂದದ್ದು ಇಲ್ಲಿಯ ಡೋಂಗ್ರಿಯಿಂದ. ನಾಸಿಕದ ಬಳಿ ದೇವಲಾಲಿ ಇದೆಯಲ್ಲ, ಅಲ್ಲಿಯ ಸೇನಾ ಶಿಬಿರದಲ್ಲಿ ಊರಿಗೆ ಹೋಗುವ ಹಡಗಿಗಾಗಿ ಕಾದು ಕಾದು ತಲೆ ಕೆಟ್ಟ ಸೈನಿಕರಿಂದ ‘ಡೂಲಾಲಿ ಟ್ಯಾಪ್’ ಹುಟ್ಟಿತು. ಆ ‘ಟ್ಯಾಪ್’ ನಮ್ಮ ತಾಪವೇ, ಜ್ವರ. ಇಂದಿಗೂ ಬ್ರಿಟನ್ನಿನಲ್ಲಿ ಬುದ್ಧಿ ಭ್ರಮಿಸಿದವನನ್ನು ‘ಡೂಲಾಲಿ’ ಎನ್ನುತ್ತಾರೆ. ಇಂಥ ಶಬ್ದಗಳಿಗೆಂದೇ ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ಬ್ರಿಟಿಷರು ಮಾಡಿದ ದೊಡ್ಡ ಕೋಶ 1886ರಲ್ಲಿ ಹೊರಬಂತು, ಹೆಸರು ‘ಹಾಬ್ಸನ್-ಜಾಬ್ಸನ್’.

ಆದರೂ ಒಂದು ಮಾತು. ‘ಔಟ್ ಆಫ್ ಸ್ಟೇಷನ್’ ಎಂದು ದಾದರಿನಲ್ಲಿ ಹೇಳಿ, ಧಾರಾಳವಾಗಿ. ಲಂಡನ್ನಿನವರಿಗೆ ಹೇಳಿದರೆ ಅವರು ರೈಲು ನಿಲ್ದಾಣದ ಹೊರಗೆ ನಿಮಗಾಗಿ ಕಾಯುತ್ತಾರೆ. ಎದುರಿನವರಿಗೆ ತಲುಪದ ಮೇಲೆ ಸರಿಯೋ ತಪ್ಪೋ ಎಂಬ ವಾದದಿಂದ ಏನು ಬಂತು?

ಠಾಣೆ ಮಲ್ಲಿಗೆ

‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬುದಕ್ಕೆ ನಾನು ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂದು ಮಗನಿಗೆ ಹೇಳಿಕೊಟ್ಟೆ. ಅವನು ಲೆಕ್ಕ ಹಾಕಿ ಬಂದ. ಒಂದೇ ತಿಂಗಳಲ್ಲಿ ಎರಡನೆಯ ಹುಣ್ಣಿಮೆ ಬಂದರೆ ಅದು ನೀಲಿ ಚಂದ್ರ, ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಬರುತ್ತದಂತೆ. ‘ನಿನ್ನದು ಹದಿನೈದು ದಿನಕ್ಕೊಮ್ಮೆ ಬರುತ್ತದೆ, ಅದು ಹೇಗೆ ಅಪರೂಪ?’ ಎಂದು ಕೇಳಿದ. ಹ್ಯಾಂಡ್‌ಫುಲ್ ಎಂದು ಸುಮ್ಮನೆ ಹೇಳಲಿಲ್ಲ ಅವನ ಟೀಚರ್.

ಸಯನ್ ದಾದಿ

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಎಂದು ಅನುಮಾನವಿತ್ತು. ನಾನು ಮುಂಬೈಯ ಒಂದು ಆಸ್ಪತ್ರೆಯಲ್ಲಿ ದಾದಿ. ಕಲಬುರಗಿ ಕಡೆಯ ಒಂದು ಕುಟುಂಬ ತಂದೆಯನ್ನು ಕರೆತಂದಿತ್ತು. ಬಹಳ ತಡವಾಗಿತ್ತು, ಮೂರನೆಯ ದಿನ ಬೆಳಗಿನ ಜಾವ ಹೋದರು. ಚಿಕ್ಕ ವಯಸ್ಸಿನ ವೈದ್ಯರು ಹೊರಗೆ ಬಂದು ಮಗನ ಹೆಗಲ ಮೇಲೆ ಕೈ ಇಟ್ಟು ‘ಐ ಆ್ಯಮ್ ಸೋ ಸಾರಿ’ ಎಂದರು.

ಮಗನಿಗೆ ಗೊತ್ತಿದ್ದ ‘ಸಾರಿ’ ಒಂದೇ. ಕಾಲು ತುಳಿದಾಗ ಹೇಳುವುದು, ತಪ್ಪು ಮಾಡಿದಾಗ ಹೇಳುವುದು. ‘ತಪ್ಪಾಯಿತು ಎಂದು ಇವರೇ ಒಪ್ಪಿಕೊಂಡರು, ಏನು ಮಾಡಿದಿರಿ ನನ್ನಪ್ಪನಿಗೆ?’ ಎಂದು ಕೂಗಿ ವೈದ್ಯರ ಅಂಗಿ ಹಿಡಿದರು. ಭದ್ರತಾ ಸಿಬ್ಬಂದಿ ಓಡಿ ಬಂದರು. ವೈದ್ಯರಿಗೆ ಕನ್ನಡ ಬಾರದು, ಅವರಿಗೆ ಗಾಬರಿ, ಮತ್ತೆ ಮತ್ತೆ ‘ಸಾರಿ, ಸಾರಿ’ ಎನ್ನುತ್ತಿದ್ದಾರೆ. ಪ್ರತಿ ಸಾರಿಗೂ ಮಗನ ಸಿಟ್ಟು ಏರುತ್ತಿದೆ.

ನಾನು ನಡುವೆ ಹೋಗಿ ‘ಅಣ್ಣಾ, ಅವರು ಕ್ಷಮೆ ಕೇಳುತ್ತಿಲ್ಲ, ಸಂಕಟಪಡುತ್ತಿದ್ದಾರೆ’ ಎಂದೆ. ಅವರು ಕೈ ಬಿಟ್ಟು ನೆಲದ ಮೇಲೆ ಕುಳಿತರು. ಆಮೇಲೆ ವೈದ್ಯರೂ ಪಕ್ಕದಲ್ಲಿ ಕುಳಿತರು, ಏನೂ ಮಾತನಾಡಲಿಲ್ಲ. ನಮ್ಮ ಊರಲ್ಲಿ ಸಾವಿನ ಮನೆಗೆ ಹೋದರೆ ಹಾಗೆಯೇ ಅಲ್ಲವೇ, ಹೋಗಿ ಸುಮ್ಮನೆ ಕೂರುತ್ತೇವೆ.

ಈಗ ಹೊಸ ವೈದ್ಯರು ಬಂದಾಗ, ನಮ್ಮ ಕಡೆಯ ರೋಗಿಗಳಿದ್ದರೆ ಆ ಶಬ್ದವನ್ನು ಬಳಸಬೇಡಿ ಎಂದು ನಾನೇ ಹೇಳುತ್ತೇನೆ.

ವಡಾಲದ ಮೇಷ್ಟರು

ಆ ಶಬ್ದದ ಹಳೆಯ ಅರ್ಥವೂ ನೋವೇ ತಾಯಿ. ಗಾಯಕ್ಕೆ ‘ಸೋರ್’ ಎನ್ನುತ್ತಾರಲ್ಲ, ಅದರ ಒಡಹುಟ್ಟು. ನೀವು ಮಾಡಿದ ಅನುವಾದಕ್ಕೆ ನಾನು ನೂರಕ್ಕೆ ನೂರು ಕೊಡುತ್ತೇನೆ.

ಬದಲಾಪುರ ಫಾಸ್ಟ್

ಎಲ್ಲರಿಗೂ ನಮಸ್ಕಾರ. ವರದಿ ಒಪ್ಪಿಸಲು ಬಂದೆ. ಲಂಡನ್ನಿನ ಮಹಿಳೆ ಇವತ್ತು ಕೊನೆಯ ದಿನ ಕ್ಯಾಂಟೀನಿಗೆ ಬಂದಿದ್ದರು. ಮೇಷ್ಟರ ‘ಇಲ್ಲ ಇಲ್ಲ, ಬನ್ನಿ’ಗೆ ಇಂಗ್ಲಿಷಿನಲ್ಲಿ ‘ನಾಟ್ ಅಟ್ ಆಲ್’ (ಖಂಡಿತ ಇಲ್ಲ) ಎಂಬುದನ್ನು ಕಲ್ಯಾಣದಿಂದ ದಾದರಿನವರೆಗೆ ಉರು ಹೊಡೆದಿದ್ದೆ. ತಟ್ಟೆ ಹಿಡಿದು ಬಂದರು. ಈ ಸಲ ಮೈಂಡ್ ಎನ್ನಲೇ ಇಲ್ಲ! ‘ಮೇ ಐ ಜಾಯಿನ್ ಯು?’ ಎಂದರು. ಬಾಯಿ ತಯಾರಾಗಿತ್ತು, ‘ನಾಟ್ ಅಟ್ ಆಲ್’ ಎಂದುಬಿಟ್ಟೆ. ಪುಣ್ಯಕ್ಕೆ ಕೈ ಅಷ್ಟರಲ್ಲಿ ಕುರ್ಚಿ ಎಳೆದಿತ್ತು. ಆಕೆ ಕುರ್ಚಿ ನೋಡಿದರು, ನನ್ನ ಮುಖ ನೋಡಿದರು, ಜೋರಾಗಿ ನಕ್ಕು ಕುಳಿತರು. ಮೊದಲ ದಿನದ ಕಥೆಯನ್ನೂ ಹೇಳಿದೆ, ದೋಸೆಯ ಕಥೆಯನ್ನೂ ಹೇಳಿದೆ. ದೋಸೆಯ ಕಥೆಗೆ ‘ನಾಟ್ ಬ್ಯಾಡ್’ ಎಂದರು. ಹುಬ್ಬಳ್ಳಿಯವರ ಲೆಕ್ಕದ ಪ್ರಕಾರ ಅದು ಮೆಚ್ಚುಗೆ ಎಂದುಕೊಂಡಿದ್ದೇನೆ.

ಫೋರ್ತ್ ಸೀಟ್

ಅಷ್ಟು ದೂರದಿಂದ ಬಂದವರಿಗೆ ಒಂದು ಕಟಿಂಗ್ ಚಹಾ ಕೊಡಿಸಲಿಲ್ಲವೇ?

ಬದಲಾಪುರ ಫಾಸ್ಟ್

ಹೌದು, ಕೊಡಿಸಲಿಲ್ಲ.